ಹಳೇ ಬೂದಿ, ಹೊಸ ಬೂದಿ

"ಇಲ್ಲ ಅನ್ನೋದನ್ನ ತಗದ್ರು ನೋಡು, ಅಲ್ಲೇ ಆಟ ಸತ್ತತು," ಎಂದು ವಿಕ್ರಾಂತ ಮತ್ತೊಮ್ಮೆ ಹೇಳುವಷ್ಟರಲ್ಲಿ ಜೀಪು ಕುಡಚಿಯ ಸೇತುವೆ ಏರಿತು.

ಪಕ್ಕದಲ್ಲಿ ಕೂತಿದ್ದ ಫೈಜಾನ ಕಿಟಕಿಯಿಂದ ಕೃಷ್ಣೆಯನ್ನು ನೋಡುತ್ತಿದ್ದ. "ಸತ್ತತಲ್ಲ, ಇನ್ನ ಮಣ್ಣ ಕೊಡು," ಎಂದ. "ಕನ್ಯಾ ನೋಡಾಕ ಹೊಂಟಾಂವ ಆಡು ಮಾತೇನ ಲೇ ಇದು?"

ವಿಕ್ರಾಂತನಿಗೆ ನಗು ಬಂತು. ಬೆಳಗಿನಿಂದಲೂ ಹೀಗೆಯೇ. ಗಡ್ಡ ಹೆರೆಯುವಾಗ, ಬೂಟಿಗೆ ಪಾಲಿಶ್ ಹಚ್ಚುವಾಗ, ಅವ್ವ ಹಿಂದಿನಿಂದ ಬಂದು ಕಾಲರ್ ಸರಿ ಮಾಡುವಾಗ, ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ ಹೊಟ್ಟೆಯೊಳಗಿಂದ ಬುಸ್ಸೆಂದು ಏರುವ ನಗು. ಸಂತೋಷದ್ದಲ್ಲ. ಯಾವುದರದ್ದು ಎಂದು ಗೊತ್ತಿಲ್ಲ. ಉಪವಾಸವಿದ್ದವನ ಕಣ್ಣಿಗೆ ಕಾಣುವಂತೆ ಲೋಕ ತುಸು ಮೇಲೆದ್ದು ತೇಲುತ್ತಿತ್ತು.

ಸ್ಟೀರಿಂಗ್ ಹಿಡಿದಿದ್ದವನು ತಾತ್ಯಾಸಾಹೇಬ, ಅವನ ಸೋದರಮಾವ. ತಂದೆಯಿಲ್ಲದ ಮನೆಯಲ್ಲಿ ಮಾತು ಆಡುವುದು ಮಾಮಾನ ಪಾಲಿನ ಕೆಲಸ. ರಾಯಬಾಗ ತಾಲೂಕಿನ ಅರ್ಧ ಮದುವೆಗಳು ತನ್ನ ಬಾಯಿಂದಲೇ ಆದವೆಂದು ಅವನು ಹೇಳಿಕೊಳ್ಳುತ್ತಿದ್ದ. ಮೊದಲ ಸಲ ಗಂಡಸರು ಅಷ್ಟೇ ಹೋಗಿ ಬರುವುದೆಂದು ಅವನೇ ತೀರ್ಮಾನಿಸಿದ್ದ. ಗೆಳೆಯನೊಬ್ಬ ಜತೆಗಿದ್ದರೆ ಹುಡುಗ ಮುಖ ಸಡಿಲ ಬಿಡುತ್ತಾನೆಂದು ಫೈಜಾನನನ್ನು ಕುಡಚಿ ಸ್ಟೇಷನ್ ಎದುರಿನ ಅವನ ಮೊಬೈಲ್ ಅಂಗಡಿಯಿಂದ ಎಬ್ಬಿಸಿ ಹತ್ತಿಸಿಕೊಂಡದ್ದೂ ಅವನೇ.

"ಯಾವ ಆಟಪಾ ಅದು?" ಎಂದ ಮಾಮಾ, ಎದುರಿಗೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಹಾರ್ನ್ ಹೊಡೆಯುತ್ತ.

"ಏನಿಲ್ಲ ಮಾಮಾ."

ಆಟದ ನಿಜವಾದ ಹೆಸರು ಇಂಗ್ಲಿಷಿನಲ್ಲಿ ಉದ್ದವಾಗಿತ್ತು. ಶಾಲೆಯಲ್ಲಿದ್ದಾಗ ಫೈಜಾನನ ಅಣ್ಣನ ಹಳೆಯ ಕಂಪ್ಯೂಟರಿನಲ್ಲಿ ಇಬ್ಬರೂ ಅದನ್ನು ಆಡಿದ್ದರು. ಯುದ್ಧದಲ್ಲಿ ಲೋಕವೆಲ್ಲ ಸುಟ್ಟುಹೋಗಿದೆ. ಅಳಿದುಳಿದವರು ಪಾಳುಬಿದ್ದ ಊರುಗಳಲ್ಲಿ ಬದುಕುತ್ತಿದ್ದಾರೆ. ಪರದೆಯ ಮೇಲೆ ಸದಾ ಬೂದಿ ಉದುರುತ್ತದೆ. ಅದಕ್ಕೇ ಅವರು ಅದನ್ನು 'ಬೂದಿ' ಎಂದು ಕರೆದರು. ಆಮೇಲೆ ಎರಡನೆಯದು, ಮೂರನೆಯದು ಬಂದವು. ಹೋದ ವರ್ಷ ನಾಲ್ಕನೆಯದು ಬಂತು. ಮೊದಲನೆಯದು ಹಳೇ ಬೂದಿ, ಕೊನೆಯದು ಹೊಸ ಬೂದಿ.

ಹಳೇ ಬೂದಿಯ ನಾಯಕನಿಗೆ ಮುಖವಿರಲಿಲ್ಲ, ದನಿಯಿರಲಿಲ್ಲ. ಮೇಲಿನಿಂದ ನೋಡಿದಾಗ ಕಾಣುವ ಇರುವೆಯಷ್ಟು ಗಾತ್ರದ ಒಬ್ಬ ಮನುಷ್ಯ. ಆಟ ಶುರುವಾಗುವುದೇ ಒಂದು ಬಾಗಿಲಲ್ಲಿ. ಅಲ್ಲಿ ಕೂತ ಮುದುಕಿ, ನನ್ನ ಮೊಮ್ಮಗಳನ್ನು ಹೊಳೆ ದಾಟಿಸುತ್ತೀಯಾ ಎಂದು ಕೇಳುತ್ತಾಳೆ. ಕೆಳಗೆ ನಾಲ್ಕು ಉತ್ತರಗಳು: ಹೌದು. ಯಾಕೆ. ಇಲ್ಲ. ಕೊನೆಯದರಲ್ಲಿ ಬರೀ ಮೂರು ಚುಕ್ಕೆ, ಅಂದರೆ ಸುಮ್ಮನಿರುವುದು. ಫೈಜಾನ ಮೊದಲ ದಿನವೇ 'ಇಲ್ಲ' ಒತ್ತಿದ. 'ನೀನು ಮನೆಗೆ ಹೋದೆ' ಎಂಬ ಸಾಲು ಬಂದು, ಆಟ ಮಾಡಿದವರ ಹೆಸರುಗಳು ಮೇಲಕ್ಕೆ ಸರಿದು, ಆಟ ಮುಗಿದೇಹೋಯಿತು. ಅವನ ಅವ್ವ ತಂದಿಟ್ಟ ಚಹಾ ಇನ್ನೂ ಆರಿರಲಿಲ್ಲ. ಅವತ್ತು ಇಬ್ಬರೂ ನೆಲದ ಮೇಲೆ ಉರುಳಾಡಿ ನಕ್ಕಿದ್ದರು.

ಹೊಸ ಬೂದಿಯ ನಾಯಕ ಸುಂದರ. ಅವನಿಗೆ ಗಂಭೀರವಾದ ದನಿ ಇದೆ, ಕಳೆದುಹೋದ ಹೆಂಡತಿ ಇದ್ದಾಳೆ. ಎಲ್ಲಿಗೆ ಹೋಗಬೇಕೆಂದು ತೋರಿಸುವ ಒಂದು ಕೆಂಪು ಬಾಣ ಪರದೆಯ ತಲೆಯ ಮೇಲೆ ಸದಾ ಇರುತ್ತದೆ. ಅದೇ ಮುದುಕಿ ಅದೇ ಬಾಗಿಲಲ್ಲಿ ಅದೇ ಪ್ರಶ್ನೆ ಕೇಳುತ್ತಾಳೆ. ಉತ್ತರಗಳು ಮಾತ್ರ ಮೂರು: ಆಯಿತು. ಆಯಿತು, ಆದರೆ. ಆಮೇಲೆ ಆಯಿತು.

ರಾಯಬಾಗದ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕನಾಗಿದ್ದ ವಿಕ್ರಾಂತ ಇದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದ್ದ. ಲೋಕ ಮುಗಿಯುವುದು ಬಾಂಬಿನಿಂದಲ್ಲ, 'ಇಲ್ಲ' ಎಂಬ ಗುಂಡಿ ಕಾಣೆಯಾದಾಗ ಎಂದು ಸ್ಟಾಫ್ ರೂಮಿನಲ್ಲಿ ಒಮ್ಮೆ ಹೇಳಿದ್ದ. ಭೂಗೋಳದವರು ಕಣ್ಣು ಮಿಟುಕಿಸಿ, ಚಹಾ ತರಿಸೋಣೇನ್ರಿ ಎಂದು ಕೇಳಿದ್ದರು. ಹೌದ್ರಿ ಎಂದಿದ್ದ.

"ಒಂದ ಮಾತ ಹೇಳ್ಲಿ?" ಎಂದ ಫೈಜಾನ. "ಹಳೇದರಾಗ ಇಲ್ಲ ಒತ್ತಿದಾಂವ ನಾ. ನೀ ಬರೇ ಅದನ್ನ ಹೊಗಳಿದಾಂವ. ಖರೇ ಹೇಳು, ಒಮ್ಮೆರ ಒತ್ತೀಯೇನ?"

"ಮುಂದ ಆಡಬೇಕಿತ್ತಲ್ಲೋ."

"ಹಾಂ. ಮುಂದ ಆಡಬೇಕಿತ್ತು." ಫೈಜಾನ ಕೈ ತಟ್ಟಿ ನಕ್ಕ.

ಮಾಮಾ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬಾಯಿಗೆ ಹಾಕಿಕೊಳ್ಳುವ ಬಡೇಸೋಪಿನ ಡಬ್ಬಿ ಹಿಂದಕ್ಕೆ ಚಾಚಿದ. ಫೈಜಾನ, "ನಕ್ಕೋ ಮಾಮಾ," ಎಂದ.

"ಯಾರು ನಕ್ಕರು?" ಎಂದ ಮಾಮಾ ತಕ್ಷಣ.

ಇದು ಮಾಮಾನ ಹಳೆಯ ಜೋಕು. ಫೈಜಾನನ ಮನೆಮಾತಾದ ದಖನಿ ಉರ್ದುವಿನಲ್ಲಿ 'ನಕ್ಕೋ' ಅಂದರೆ ಬೇಡ. ಮರಾಠಿಯಲ್ಲಿ 'ನಕೋ' ಅಂದರೂ ಬೇಡ. ಈ ಸೀಮೆಯಲ್ಲಿ ಮೂರೂ ಭಾಷೆ ಒಂದೇ ಬಾಯಲ್ಲಿ ಓಡಾಡುತ್ತವೆ. ಯಾರಾದರೂ ನಕ್ಕೋ ಎಂದರೆ ಸಾಕು, ಮಾಮಾ ಅದನ್ನು ಕನ್ನಡದ ನಗುವಿಗೆ ತಿರುಗಿಸಿ, "ನಕ್ಕಿಯಲ್ಲ, ಅಂದ್ರ ತಗೋ," ಎಂದು ಕೈಗೆ ತುರುಕುತ್ತಿದ್ದ. ಫೈಜಾನ ಬಡೇಸೋಪು ತೆಗೆದುಕೊಂಡ. ಎಲ್ಲರೂ ಕೊನೆಗೆ ತೆಗೆದುಕೊಳ್ಳುತ್ತಿದ್ದರು.

*

ಊರು ಕಾಗವಾಡ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಸಕ್ಕರೆ ಕಾರ್ಖಾನೆಯ ಬೆನ್ನಿಗೆ ಇತ್ತು. ಕಬ್ಬು ನುರಿಸುವ ಸೀಜನ್ ಜೋರಾಗಿತ್ತು. ಗಾಳಿಯಲ್ಲಿ ಕಾಕಂಬಿಯ ವಾಸನೆ, ದಾರಿಯುದ್ದಕ್ಕೂ ಉದುರಿದ ಕಬ್ಬಿನ ಗಳ. ಮನೆಯ ಮುಂದೆ ಜೀಪು ನಿಂತಾಗ ಫೈಜಾನ ವಿಕ್ರಾಂತನ ತೊಡೆ ಚಿವುಟಿದ.

"ಬಾಣ ಬಂತ ಲೇ."

ಕಂಪೌಂಡ್ ಗೋಡೆಯ ಮೇಲೆ ದೊಡ್ಡದೊಂದು ಬಾಣವಿತ್ತು. ಎಂದೋ ಆ ಮನೆಯ ಮದುವೆಗೆ ಬರುವವರಿಗಾಗಿ ಬಿಡಿಸಿದ್ದು. ಕೆಂಪು ಬಣ್ಣ ಕಾರ್ಖಾನೆಯ ಮಸಿಯಡಿ ಅರ್ಧ ಮುಚ್ಚಿತ್ತು. 'ಶುಭ ವಿವಾಹ' ಎಂಬ ಅಕ್ಷರಗಳಲ್ಲಿ 'ಭ' ಮಾತ್ರ ಸ್ಪಷ್ಟ. ಮೊನೆ ಗೇಟಿನತ್ತ.

ಮತ್ತೆ ಆ ಸೋಡಾ ಗೋಲಿ ಒತ್ತಿದಂತಾಯಿತು. ವಿಕ್ರಾಂತ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕೆಮ್ಮಿದ ಹಾಗೆ ನಟಿಸುತ್ತ ಒಳಗೆ ಹೋದ.

ಹುಡುಗಿಯ ತಂದೆ ನಾಮದೇವ ಕೈ ಮುಗಿದು, "ಬರ್ರಿ, ಬರ್ರಿ," ಎಂದು ಕುರ್ಚಿ ಸರಿಸಿದರು. ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಅವರ ತಾಯಿ ಪದ್ಮವ್ವ ಕೂತಿದ್ದಳು. ಕಿವಿ ಮಂದ. ಪಡಸಾಲೆಯಲ್ಲಿ ಆಡಿದ ಪ್ರತಿ ಮಾತನ್ನೂ ಯಾರಾದರೂ ಅವಳಿಗೆ ಇನ್ನೊಮ್ಮೆ ಕೂಗಿ ಹೇಳಬೇಕಿತ್ತು. ಹೀಗಾಗಿ ಆ ಮನೆಯಲ್ಲಿ ಎಲ್ಲವೂ ಎರಡು ಸಲ ನಡೆಯುತ್ತಿತ್ತು.

"ಕಾಲೇಜಿನ್ಯಾಗ ಕಲಸ್ತಾನ್ರಿ."

"ಏನಂದ್ರು?"

"ಕಲಸ್ತಾನಂತ ಬೇ!"

"ಏನ ಕಲಸ್ತಾನ? ಹಿಟ್ಟ?"

ಬಾಗಿಲಲ್ಲಿ ನೋಡುತ್ತಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಹುಡುಗಿ ಸಾರಿಕಾ ಅವಲಕ್ಕಿ ಪೋಹೆಯ ತಟ್ಟೆಗಳನ್ನು ಕೊಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ಮಾಮಾ ಹೆಸರು ಕೇಳಿದ. ಏನು ಓದಿದ್ದಿ ಎಂದು ಕೇಳಿದ. ಮುಂದೇನು ಮಾಡುವ ವಿಚಾರ ಎಂದು ಕೇಳಿದಾಗ ಅವಳು ಬಾಯಿ ತೆರೆದಳು. ಉತ್ತರ ತಂದೆಯಿಂದ ಬಂತು. "ಇನ್ನೇನ್ರಿ, ನೀವ ಹೇಳಬೇಕು." ಅವಳು ಬಾಯಿ ಮುಚ್ಚಿದಳು. ಆ ಮುಚ್ಚುವಿಕೆಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿರಲಿಲ್ಲ. ಅಂಗಡಿಯ ಬಾಗಿಲು ಎಳೆದಂತಿತ್ತು. ವಿಕ್ರಾಂತ ತಟ್ಟೆಯಲ್ಲಿದ್ದ ಶೇಂಗಾಗಳನ್ನು ಒಂದು ಬದಿಗೆ ಸರಿಸುತ್ತ ಕೂತ.

"ಇಬ್ಬರೂ ಒಂದೀಟ ಮಾತಾಡ್ಕೊಳ್ಳಿ," ಎಂದ ಮಾಮಾ ದೊಡ್ಡ ಮನಸ್ಸು ಮಾಡಿ. "ಈಗಿನ ಕಾಲ."

*

ಮಾಳಿಗೆಯ ಮೇಲೆ ಹಗ್ಗದಲ್ಲಿ ಸೀರೆಗಳು ಒಣಗುತ್ತಿದ್ದವು. ಚಿಮಣಿ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಕಬ್ಬಿನ ಸಿಪ್ಪೆ ಸುಟ್ಟ ಬೂದಿ, ಕಪ್ಪು ಕಾಗದದ ಚೂರಿನಂತೆ ಹಗುರವಾಗಿ, ಅವಸರವಿಲ್ಲದೆ ಇಳಿಯುತ್ತಿತ್ತು. ಸಾರಿಕಾ ಸೀರೆಯೊಂದನ್ನು ಕೊಡವಿದಳು. ನಿಮ್ಮ ಹವ್ಯಾಸಗಳೇನು ಎಂದು ಕೇಳಬೇಕೆಂದು ವಿಕ್ರಾಂತ ತಯಾರಾಗಿ ಬಂದಿದ್ದ. ಅದರ ಬದಲು ನಕ್ಕುಬಿಟ್ಟ.

"ಯಾಕ ನಗಾಕತ್ತೀರಿ?"

"ಏನಿಲ್ಲ. ಬೂದಿ."

"ಸೀಜನ್ ಮುಗಿಯೂತನಾ ಹಿಂಗ. ಒಗದದ್ದ ಮತ್ತ ಒಗೀಬೇಕು."

"ಅಲ್ರಿ. ಕಂಪ್ಯೂಟರಿನ್ಯಾಗ ಒಂದ ಆಟ ಐತಿ. ಅದರಾಗ ಥೇಟ ಹಿಂಗ..."

ಅವಳ ಕೈ ನಿಂತಿತು. "ಹೊಳಿ ದಾಟಸೂದು? ಬಾಗಲದಾಗ ಮುದಿಕಿ ಕುಂತಿರ್ತಾಳಲ್ರಿ, ಅದು?"

"ಆಡೀರಿ?"

"ನಾಲ್ಕನೇದ್ದು. ಲಖನಣ್ಣನ ಲ್ಯಾಪ್‌ಟಾಪಿನ್ಯಾಗ. ಅಂವಾ ಗುಂಡ ಹಾರಸಾಕ ಆಡ್ತಾನ. ನಾ ಮನಿ ಕಟ್ಟಾಕ."

ಮಾಳಿಗೆ ನೆಲ ಬಿಟ್ಟಂತಾಯಿತು. ವಿಕ್ರಾಂತ ಮಾತಾಡತೊಡಗಿದ. ವರ್ಷವಿಡೀ ಸ್ಟಾಫ್ ರೂಮಿನಲ್ಲಿ ಆಡದಷ್ಟು ಮಾತನ್ನು ಒಣಗುವ ಸೀರೆಗಳ ನಡುವೆ ನಿಂತು ಆಡಿದ. ಹಳೇದರಲ್ಲಿ ಬಾಣವಿರಲಿಲ್ಲ, ದಾರಿ ನೀವೇ ಹುಡುಕಬೇಕಿತ್ತು. ಹಳೇದರಲ್ಲಿ ಯಾರೂ ನಿಮ್ಮ ಗುರುತು ಹಿಡಿಯುತ್ತಿರಲಿಲ್ಲ. ತಪ್ಪು ಮಾಡಿದರೆ ತಪ್ಪು ಹಾಗೇ ಉಳಿಯುತ್ತಿತ್ತು. ಮಾತು ನಿಲ್ಲಿಸಿದರೆ ಬೀಳುತ್ತೇನೆ ಎನಿಸಿತು.

"ಹಳೇದರಾಗ ಮನಿ ಕಟ್ಟಾಕ ಬರ್ತಿತ್ತೇನ್ರಿ?"

"ಇಲ್ಲ."

"ಬಾಂವಿ ತೋಡಾಕ? ಕಾಯಿಪಲ್ಲೆ ಬೆಳ್ಯಾಕ?"

"ಇಲ್ರಿ. ಬರೇ ನಡ್ಯಾಕ."

"ಹಂಗಾರ ಗಂಡಸರ ಆಟ ಬಿಡ್ರಿ," ಎಂದು ಅವಳು ನಕ್ಕಳು. "ಲೋಕ ಸುಟ್ಟ ಮ್ಯಾಲೂ ಯಾರರ ಅಡಗಿ ಮಾಡಬೇಕಲ್ಲ."

ಆ ನಗು ಸಣ್ಣದು, ತುಸು ಒರಟು. ಅದನ್ನು ಇನ್ನೊಮ್ಮೆ ಕೇಳಬೇಕೆನಿಸಿತು ಅವನಿಗೆ. ಅವಸರದಲ್ಲಿ ತನ್ನ ಬಳಿಯಿದ್ದ ಅತ್ಯುತ್ತಮವಾದದ್ದನ್ನು ತೆಗೆದ. ಮೊದಲ ಬಾಗಿಲು, ನಾಲ್ಕು ಉತ್ತರ, ಇಲ್ಲ ಎಂದವನನ್ನು ಆಟವೇ ಮನೆಗೆ ಕಳಿಸಿಕೊಡುವ ಆ ಘನತೆ.

ಅವಳು ಪೂರ್ತಿ ಕೇಳಿದಳು. "ಇಲ್ಲ ಅಂದ್ರ ಅಂವಾ ಮನಿಗಿ ಹೋಕ್ಕಾನ."

"ಹೌದ್ರಿ."

"ಮತ್ತ ಆ ಮೊಮ್ಮಗಳು?"

"ಅಂದ್ರ?"

"ಅಕಿ ಏನಾದ್ಲು? ದಾಟಬೇಕೋ ಬ್ಯಾಡೋ ಅಂತ ಅಕಿನ್ನ ಯಾರರ ಕೇಳಿದ್ರೇನ್ರಿ?"

ಶಾಲೆಯ ದಿನದಿಂದ ಇವತ್ತಿನವರೆಗೆ ಅವನಿಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಮೊಮ್ಮಗಳು ಪರದೆಯ ಅಂಚಿನಲ್ಲಿ ಎಲ್ಲೋ ಒಂದು ಚುಕ್ಕೆಯಾಗಿ ನಿಂತಿರುತ್ತಿದ್ದಳು ಎಂದು ನೆನಪು. ಅದೂ ಖಾತ್ರಿಯಿಲ್ಲ.

ಸಾರಿಕಾ ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದಳು. "ನನಗ ಧಾರವಾಡದಾಗ ಎಂಎಸ್ಸಿ ಸೀಟ ಸಿಕ್ಕೈತ್ರಿ. ಬರೂ ತಿಂಗಳ ಹೋಗಬೇಕು. ಇವತ್ತ ನೀವು ಹೂಂ ಅಂದ್ರ ಸೀಟ ಹೋತು. ಒಲ್ಲೆ ಅಂದ್ರ ಸೀಜನ್ ಮುಗಿಯೂತನಾ ನಮ್ಮ ಅಪ್ಪಾಗ ಇನ್ನೊಬ್ಬರನ್ನ ಹುಡುಕಾಕ ಪುರಸೊತ್ತಿಲ್ಲ. ಅಷ್ಟರಾಗ ನಾ ಹೋಗಿರ್ತೀನಿ."

"ನೀವ ಒಲ್ಲೆ ಅನ್ನಬಹುದಲ್ರಿ."

"ನಾ ಅಂದ್ರ ಯಾಕ ಅಂತಾರ. ನೀವು ಅಂದ್ರ ಯಾರೂ ಯಾಕ ಅನ್ನಂಗಿಲ್ಲ."

ಬೂದಿಯ ಚೂರೊಂದು ಅವಳ ಹುಬ್ಬಿನ ಮೇಲೆ ಕೂತಿತ್ತು. ಅವಳಿಗೆ ಗೊತ್ತಿರಲಿಲ್ಲ.

"ಹಳೇ ಆಟ ಛಲೋ ಅಂತೀರಲ್ಲ," ಎಂದಳು. "ಅದನ್ನ ಒತ್ತಿ ಬಿಡ್ರಿ. ಒತ್ತೀರಿ?"

"ಒತ್ತತೀನ್ರಿ."

ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದ. ಇಷ್ಟು ವರ್ಷ ಬರೀ ಹೊಗಳಿದ್ದನ್ನು ಮಾಡುವ ಗಳಿಗೆ ಬಂದಿತ್ತು, ಅದೂ ಕಷ್ಟವಿಲ್ಲದೆ, ಬೇಡಿಕೆಯ ಮೇರೆಗೆ. ಬೆಳಿಗ್ಗೆ ರಾಯಬಾಗ ಬಿಟ್ಟಾಗ ಈ ಮದುವೆ ಆದರೂ ಸೈ, ಬಿಟ್ಟರೂ ಸೈ ಎಂದಿದ್ದ ಮನಸ್ಸಿಗೆ, ಇಲ್ಲ ಎನ್ನು ಎಂದು ಅವಳು ಕೇಳಿದ ಕ್ಷಣದಲ್ಲಿಯೇ ಹೌದೆನ್ನುವ ಆಸೆ ಹುಟ್ಟಿತ್ತು. ಇದು ಎಷ್ಟು ನಗೆಗೇಡು ಎಂದುಕೊಂಡ. ನಗು ಗಂಟಲಿನವರೆಗೆ ಬಂದು ನಿಂತಿತು.

*

ಪಡಸಾಲೆಯಲ್ಲಿ ಎಲ್ಲರೂ ಅವನ ಮುಖ ನೋಡಿದರು. ಸಾರಿಕಾ ಅಜ್ಜಿಯ ಹಿಂದೆ, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಏನಪಾ?" ಎಂದ ಮಾಮಾ. "ಮುಚ್ಚುಮರಿ ಬ್ಯಾಡ. ಮನಿ ಮಂದಿ ಇದ್ದಂಗ ಅದಾರ. ಏನಂತಿ?"

ನಾಲ್ಕು ಉತ್ತರಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಮೂರನೆಯದರ ಮೇಲೆ ಬೆರಳಿಟ್ಟ. 'ಒಲ್ಲೆ' ಎಂಬ ಪದ ಬಾಯಿಗೆ ಬಂತು, ಚೀಪಲಾಗದ ಕಲ್ಲಿನಂತಿತ್ತು. ಈ ಮನೆಯ ಪೋಹೆ ತಿಂದ ಬಾಯಿಂದ ಅದನ್ನು ಉಗುಳಿದರೆ ತಟ್ಟೆ ಒಡೆಯುತ್ತದೆ. 'ಬ್ಯಾಡ' ಎನ್ನೋಣವೆಂದರೆ ಅವರು ಕೊಡುತ್ತಿರುವುದು ಚಹಾ ಅಲ್ಲ. ನಾಲಗೆ ತಡಕಾಡಿ, ಎಲ್ಲಕ್ಕಿಂತ ಹಗುರವಾದ, ಯಾರನ್ನೂ ನೋಯಿಸದ, ತನ್ನದಲ್ಲದ ಒಂದು ಪದವನ್ನು ಹಿಡಿಯಿತು.

"ನಕ್ಕೋ," ಎಂದ. ಅದರ ಬೆನ್ನಿಗೇ, ತಡೆಯುವಷ್ಟರಲ್ಲಿ, ಬೆಳಗಿನಿಂದ ಕಾದಿದ್ದ ನಗು ಬುಸ್ಸೆಂದು ಹೊರಬಿತ್ತು.

ಮಾಮಾ ಅವನನ್ನು ನೋಡಿದ. ಅರವತ್ತು ವರ್ಷ ಮರಾಠಿ ಕೇಳಿದ ಕಿವಿಗೆ ಆ ಪದ ತಪ್ಪಲು ಸಾಧ್ಯವಿರಲಿಲ್ಲ. ಆದರೂ ಮಾಮಾನ ಮುಖ ನಿಧಾನವಾಗಿ ಅರಳಿತು.

"ನಕ್ಕ!" ಎಂದು ತೊಡೆ ತಟ್ಟಿದ.

"ಏನಂದ?" ಎಂದಳು ಪದ್ಮವ್ವ.

"ನಕ್ಕ ಬೇ!" ನಾಮದೇವ ಎದ್ದು ನಿಂತು ಕೂಗಿದರು. "ಹುಡುಗ ನಕ್ಕ!"

"ನಕ್ಕನ? ನನ ಬಂಗಾರ! ಸಕ್ಕರಿ ತರ್ರೇ!"

"ಮಾಮಾ, ಅಂವ ಅಂದದ್ದು..." ಎಂದು ಫೈಜಾನ ಅರ್ಧ ಎದ್ದ. ಮಾಮಾ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. "ನೀನೂ ನಗು ಲೇ," ಎಂದ. ಫೈಜಾನ ವಿಕ್ರಾಂತನನ್ನು ನೋಡಿದ. ನೀನೇ ಹೇಳು ಎಂಬ ನೋಟ. ವಿಕ್ರಾಂತ ಸುಮ್ಮನಿದ್ದ. ನಾಲ್ಕನೆಯ ಉತ್ತರ.

ಆಗ ಅಡುಗೆಮನೆಯ ಬಾಗಿಲಿಂದ ಸಾರಿಕಾ ಸ್ಪಷ್ಟವಾಗಿ ಹೇಳಿದಳು: "ನಕೋ."

"ಅಕಿ ಏನಂದ್ಲು?" ಎಂದು ಪದ್ಮವ್ವ ಹೊರಳಿದಳು.

ಅವಳ ಪಕ್ಕದಲ್ಲಿಯೇ ನಿಂತಿದ್ದ ಲಖನನ ಹೆಂಡತಿ ಕಾಂಚನ ಸಾರಿಕಾಳ ಮುಖ ನೋಡಿದಳು, ಮಾವ ನಾಮದೇವರ ಮುಖ ನೋಡಿದಳು, ಕೈಯಲ್ಲಿದ್ದ ಸಕ್ಕರೆಯ ತಟ್ಟೆಯನ್ನು ನೋಡಿದಳು. "ಅಕೀನೂ ನಕ್ಕಳ್ರಿ ಅಜ್ಜಿ," ಎಂದು ಕೂಗಿದಳು.

ಮನೆಗೆ ಮನೆಯೇ ನಕ್ಕಿತು. ನಾಮದೇವ ಕಣ್ಣೊರೆಸಿಕೊಂಡು ನಕ್ಕರು. ಕಿಟಕಿಯಲ್ಲಿ ನಿಂತ ನೆರೆಯವರು ಕಾರಣ ಗೊತ್ತಿಲ್ಲದೆ ನಕ್ಕರು. ವಿಕ್ರಾಂತನಿಗೂ ನಗು ಉಕ್ಕಿ ಉಕ್ಕಿ ಬಂತು. ಪಕ್ಕೆ ನೋಯತೊಡಗಿತು, ಕಣ್ಣಲ್ಲಿ ನೀರು ಬಂತು. ನಗದೆ ನಿಂತವಳು ಒಬ್ಬಳೇ. ಅವಳು ಅವನನ್ನೇ ನೋಡುತ್ತಿದ್ದಳು. ಹುಬ್ಬಿನ ಮೇಲೆ ಆ ಕಪ್ಪು ಚೂರು ಇನ್ನೂ ಇತ್ತು. ಅವಳು ಕಾಯುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ಒಂದು ಕನ್ನಡದ ಪದ, ಅಷ್ಟೇ. ಅದನ್ನು ಬೇರೆ ಯಾವುದರಂತೆಯೂ ಕೇಳಿಸಿಕೊಳ್ಳಲು ಬರುವುದಿಲ್ಲ.

ಅವನು ಬಾಯಿ ತೆರೆದ.

ಪದ್ಮವ್ವ ಎದ್ದು ಬಂದು ಆ ಬಾಯಿಗೆ ಮುಷ್ಟಿ ತುಂಬ ಸಕ್ಕರೆ ತುಂಬಿದಳು.

*

ಬಾಯಿ ತೊಳೆದು ಬರುತ್ತೇನೆಂದು ಸನ್ನೆ ಮಾಡಿ ಅವನು ಅಂಗಳ ದಾಟಿ ಗೇಟಿನ ಹೊರಗೆ ಬಂದ. ತುಟಿ ಬಿಚ್ಚಿದರೆ ಸಕ್ಕರೆ ಚೆಲ್ಲುವಂತಿತ್ತು. ನುಂಗಲಿಲ್ಲ. ನುಂಗಿದರೆ ಮುಗಿಯಿತು ಎಂದು ಯಾಕೋ ಅನಿಸಿತು. ಒಳಗೆ ಮಾಮಾ ಸಾಖರಪುಡಾಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ಯಾವ ವಾರ ಒಳ್ಳೆಯದೆಂದು ಹೇಳುತ್ತಿದ್ದ. ಅದನ್ನು ಯಾರೋ ಇನ್ನೊಮ್ಮೆ ಕೂಗಿ ಹೇಳಿದರು.

ಸಾರಿಕಾಳ ಅಣ್ಣ ಲಖನ ಬಕೆಟ್ ಇಟ್ಟುಕೊಂಡು ಒದ್ದೆ ಅರಿವೆಯಿಂದ ಕಂಪೌಂಡ್ ಗೋಡೆಯನ್ನು ತಿಕ್ಕುತ್ತಿದ್ದ.

"ನನ್ನ ಲಗ್ನದ್ದು," ಎಂದ, ತಿರುಗದೆ. "ಬಣ್ಣ ಗಟ್ಟಿ ಐತ್ರಿ. ಹೆಸರ ಅಷ್ಟ ಬದಲ ಮಾಡಿದ್ರ ನಡೀತೈತಿ."

ಮಸಿ ಕರಗಿ ಗೋಡೆಯ ಮೇಲೆ ಇಳಿಯಿತು. ಅದರಡಿಯಿಂದ ಬಾಣ ತುಣುಕು ತುಣುಕಾಗಿ ಹೊರಬಂತು: ಬಾಲ, ಮೈ, ಮೊನೆ. ಈಗಷ್ಟೇ ಬಿಡಿಸಿದಷ್ಟು ಕೆಂಪು. ವಿಕ್ರಾಂತ ಗೇಟಿನೊಳಗೆ ಕತ್ತು ಚಾಚಿ ಅದೇ ಗೋಡೆಯ ಇನ್ನೊಂದು ಬದಿಯನ್ನು ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ. ಬರಿಯ ಸುಣ್ಣ. ಆಗಲೇ ಮಾಳಿಗೆಗೆ ಹೋಗಿದ್ದ ಸಾರಿಕಾ ಸೀರೆಗಳನ್ನು ಒಂದೊಂದಾಗಿ ಹಗ್ಗದಿಂದ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಕೊಡವುತ್ತಿರಲಿಲ್ಲ.

"ಒಲ್ಲೆ," ಎಂದ ವಿಕ್ರಾಂತ.

ಪದಕ್ಕಿಂತ ಮೊದಲು ಸಕ್ಕರೆ ಬಂತು. ಗದ್ದದ ಮೇಲೆ, ಇಸ್ತ್ರಿ ಮಾಡಿದ ಅಂಗಿಯ ಮೇಲೆ, ಪಾಲಿಶ್ ಹಚ್ಚಿದ ಬೂಟಿನ ಮೇಲೆ ಬೆಳ್ಳಗೆ ಉದುರಿತು.

ಲಖನ ತಿರುಗಿ ಅವನ ಅವತಾರವನ್ನಷ್ಟೇ ನೋಡಿ ನಕ್ಕ. ಒದ್ದೆ ಗೋಡೆಗೆ ಹೊಸ ಬೂದಿ ಆಗಲೇ ಅಂಟತೊಡಗಿತ್ತು, ಬಾಲದ ಕಡೆಯಿಂದ. ಮೊನೆಯೊಂದೇ ಇನ್ನೂ ಕೆಂಪಗೆ ಹೊಳೆಯುತ್ತಿತ್ತು, ಮನೆಯತ್ತ.